ನಳ ಬಂದ ಮೇಲೆ: ಊರಿನ ನೀರು ಸಮಿತಿಗೆ ಹೊಸಬರಾದವರಿಗೆ

ಗ್ರಾಮಸಭೆಯಲ್ಲಿ ಯಾರೋ ನಿಮ್ಮ ಹೆಸರು ಹೇಳಿದರು, ನಾಲ್ಕು ಜನ ಹೂಂ ಅಂದರು, ನೀವು ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯ ಸದಸ್ಯರಾದಿರಿ. ನಿಮ್ಮ ಊರು ತಿಕೋಟಾ ತಾಲೂಕಿನದಿರಬಹುದು, ಬಬಲೇಶ್ವರ ತಾಲೂಕಿನದಿರಬಹುದು, ವಿಜಯಪುರ ನಗರದ ಅಂಚಿಗಿರುವ ಪಂಚಾಯಿತಿಯದೂ ಇರಬಹುದು. ಎಲ್ಲಿಯದಾದರೂ ಮರುದಿನ ಬೆಳಿಗ್ಗೆ ಕೇಳುವ ಪ್ರಶ್ನೆ ಒಂದೇ: ‘ನಮ್ಮ ಓಣಿಗೆ ನೀರು ಯಾವಾಗ ಬಿಡತೀರಿ?’ ಸಮಿತಿಯಲ್ಲಿ ಕೂತು ಏನು ಮಾಡಬೇಕು, ಏನೇನು ಕಲಿಯಬೇಕು, ಯಾರನ್ನು ಏನು ಕೇಳಬೇಕು ಎಂಬುದನ್ನು ಒಂದೊಂದಾಗಿ ತಿಳಿಸುವುದಕ್ಕೆ ಈ ಬರಹ. ಇದಕ್ಕೆ ಎಂಜಿನಿಯರಿಂಗ್ ಓದಿರಬೇಕಿಲ್ಲ. ಗುಣಾಕಾರ, ಭಾಗಾಕಾರ ಬಂದರೆ, ಓಣಿ ಓಣಿ ಸುತ್ತುವ ತಾಳ್ಮೆಯಿದ್ದರೆ ಸಾಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮನೆ ಮುಂದೆ ನಳ ಹಾಕುವುದು ಒಂದು ಸಲದ ಕೆಲಸ. ಆ ನಳದಲ್ಲಿ ದಿನವೂ ಒಳ್ಳೆಯ ನೀರು ಬರುವಂತೆ ನೋಡಿಕೊಳ್ಳುವುದು ದಿನದಿನದ ಕೆಲಸ. ಮೊದಲನೆಯದನ್ನು ಸರ್ಕಾರ ಮತ್ತು ಗುತ್ತಿಗೆದಾರ ಮಾಡಿ ಮುಗಿಸುತ್ತಾರೆ. ಎರಡನೆಯದನ್ನು ಊರೇ ಕಲಿಯಬೇಕು.

ನಮ್ಮ ನೆಲ, ನಮ್ಮ ನೀರು

ಕೆಲಸ ಶುರುಮಾಡುವ ಮೊದಲು ಕಾಲಡಿಯ ನೆಲವನ್ನು ತಿಳಿದುಕೊಳ್ಳೋಣ. ವಿಜಯಪುರ ಜಿಲ್ಲೆಯ ಬಹುಭಾಗದಲ್ಲಿ ಎರೆಮಣ್ಣಿನ ಕೆಳಗಿರುವುದು ಗಟ್ಟಿಯಾದ ಕಪ್ಪು ಬಸಾಲ್ಟ್ ಬಂಡೆ. ಲಾವಾರಸ ಪದರ ಪದರವಾಗಿ ಹರಿದು ಆರಿದ ಕಲ್ಲು ಅದು. ಮೇಲಿನ ಸಡಿಲ ಪದರದಲ್ಲಿ, ಬಂಡೆಯ ಬಿರುಕುಗಳಲ್ಲಿ, ಎರಡು ಪದರಗಳ ನಡುವಿನ ಸಂದಿಯಲ್ಲಿ ಮಾತ್ರ ನೀರು ನಿಲ್ಲುತ್ತದೆ. ಹೀಗಾಗಿ ಒಬ್ಬರ ಹೊಲದ ಬೋರಿನಲ್ಲಿ ನೀರು ಚಿಮ್ಮಿದರೆ, ಪಕ್ಕದ ಹೊಲದ ಬೋರಿನಲ್ಲಿ ಬರೀ ದೂಳು ಏಳುತ್ತದೆ. ಆಳಕ್ಕೆ ಕೊರೆದಷ್ಟೂ ನೀರು ಸಿಗುತ್ತದೆ ಎಂಬ ನಂಬಿಕೆಗೆ ಈ ನೆಲದಲ್ಲಿ ಆಧಾರವಿಲ್ಲ.

ಮಹಾರಾಷ್ಟ್ರದ ಜತ್ ಭಾಗದಲ್ಲಿ ಹುಟ್ಟಿ ಬರುವ ಡೋಣಿ ಹೊಳೆ ಸಾರವಾಡ ಊರಿನ ಬದಿಯಲ್ಲೇ ಹರಿದು ಮುಂದೆ ಕೃಷ್ಣೆ ಸೇರುತ್ತದೆ. ಡೋಣಿ ದಂಡೆ ಬೆಳೆದರೆ ಓಣಿಯೆಲ್ಲ ಜೋಳ ಎಂದು ಹಿರಿಯರು ಹೇಳುತ್ತಿದ್ದರು. ಆದರೆ ಅದರ ನೀರು ಸವಳು. ಜೋಳದ ಹೊಲಕ್ಕೆ ಹೆಸರಾದ ಹೊಳೆಯ ನೀರು ಕೊಡಕ್ಕೆ ಆಗಿಬರುವುದಿಲ್ಲ. ಇನ್ನು ತಿಕೋಟಾ ಕಡೆ ದ್ರಾಕ್ಷಿ ತೋಟಗಳು, ಒಣದ್ರಾಕ್ಷಿ ಶೆಡ್ಡುಗಳು. ಬಳ್ಳಿ ಉಳಿಸಿಕೊಳ್ಳಲು ರೈತರು ಬೇಸಿಗೆಯಲ್ಲಿ ಟ್ಯಾಂಕರ್ ನೀರು ಕೊಂಡದ್ದೂ ಉಂಟು. ಅದೇ ಅಂತರ್ಜಲದಿಂದ ಊರಿನ ಕುಡಿಯುವ ನೀರೂ ಬರಬೇಕು.

ಕಳೆದ ದಶಕದಲ್ಲಿ ಚಿತ್ರ ಸ್ವಲ್ಪ ಬದಲಾಗಿದೆ. ಮುಳವಾಡ ಏತ ನೀರಾವರಿ, ಜಮಖಂಡಿ ತಾಲೂಕಿನಲ್ಲಿ ಕೃಷ್ಣೆಯಿಂದ ನೀರೆತ್ತುವ ತುಬಚಿ–ಬಬಲೇಶ್ವರ ಏತ ನೀರಾವರಿ, ಕೆರೆ ತುಂಬುವ ಯೋಜನೆಗಳು ಬಂದವು. ಮಹಮ್ಮದ್ ಆದಿಲ್‌ಶಾ 1633ರಲ್ಲಿ ಕಟ್ಟಿಸಿದ ಮಮದಾಪುರದ ಕೆರೆಗೂ ಕೃಷ್ಣೆಯ ನೀರು ಹರಿಯಿತು. ಕೆರೆ ತುಂಬಿದರೆ ಸುತ್ತಲಿನ ಬಾವಿ, ಬೋರುಗಳ ಮಟ್ಟ ಏರುತ್ತದೆ. ಜೊತೆಗೆ ಹಲವು ಊರುಗಳಿಗೆ ನದಿ ನೀರನ್ನೇ ಶುದ್ಧೀಕರಿಸಿ ಪೈಪಿನಲ್ಲಿ ಕೊಡುವ ಬಹುಗ್ರಾಮ ಕುಡಿಯುವ ನೀರಿನ ಯೋಜನೆಗಳಿವೆ. ಆದ್ದರಿಂದ ಹೊಸ ಸದಸ್ಯ ಕೇಳಬೇಕಾದ ಮೊದಲ ಪ್ರಶ್ನೆ: ನಮ್ಮ ಊರಿಗೆ ನೀರು ಬರುವುದು ಊರಿನ ಬೋರಿನಿಂದಲೋ, ಹೊರಗಿನ ಪೈಪಿನಿಂದಲೋ, ಎರಡರಿಂದಲೋ?

ನಗರದ ಗಂಜ್‌ಗಳು ಕಲಿಸುವುದು

ವಿಜಯಪುರ ನಗರಕ್ಕೆ ಹೋದಾಗ ಗೋಳಗುಮ್ಮಟದ ಜೊತೆಗೆ ಗಂಜ್‌ಗಳನ್ನೂ ಒಮ್ಮೆ ನೋಡಿ ಬನ್ನಿ. ಅಲ್ಲಲ್ಲಿ ಒಂಟಿಯಾಗಿ ನಿಂತಿರುವ ಕಲ್ಲಿನ ನೀರಿನ ಗೋಪುರಗಳವು. ಆದಿಲ್‌ಶಾಹಿಗಳು ತೊರವಿಯ ಕಡೆಯಿಂದ ಸುರಂಗ ಕೊರೆದು ನಗರಕ್ಕೆ ನೀರು ತಂದರು. 1651ರ ಹೊತ್ತಿಗೆ ಬೇಗಂ ತಾಲಾಬ್ ಎಂಬ ಕೆರೆ ಕಟ್ಟಿ, ಗಾರೆಯಲ್ಲಿ ಹುದುಗಿಸಿದ ಮಣ್ಣಿನ ಕೊಳವೆಗಳಲ್ಲಿ ನೀರು ಹರಿಸಿದರು. ಕೊಳವೆಯ ದಾರಿಯಲ್ಲಿ ಗೋಪುರ ಕಟ್ಟಿದ್ದು ಯಾಕೆ? ಮೇಲಿನಿಂದ ಬರುವ ನೀರಿನ ಒತ್ತಡಕ್ಕೆ ಮಣ್ಣಿನ ಕೊಳವೆ ಒಡೆಯಬಾರದು ಎಂದು ಅಲ್ಲಿ ಒತ್ತಡ ಇಳಿಸುತ್ತಿದ್ದರು. ಹೂಳು ತಳಕ್ಕೆ ಕೂರುತ್ತಿತ್ತು, ಮುಂದಕ್ಕೆ ತಿಳಿ ನೀರು ಹೋಗುತ್ತಿತ್ತು. ಇಂದಿನ ಎಂಜಿನಿಯರ್ ಒತ್ತಡ ತಗ್ಗಿಸುವ ತೊಟ್ಟಿ, ಏರ್‌ವಾಲ್ವ್, ಹೂಳು ತೊಟ್ಟಿ ಎಂದು ನಕ್ಷೆಯಲ್ಲಿ ಗುರುತು ಹಾಕುವುದೂ ಇದೇ ಕೆಲಸಗಳಿಗೆ.

ಇನ್ನೊಂದು ಪಾಠ ತಾಜ್ ಬಾವಡಿಯಲ್ಲಿದೆ. ಎರಡನೇ ಇಬ್ರಾಹಿಂ ಆದಿಲ್‌ಶಾನ ಕಾಲದ ಈ ದೊಡ್ಡ ಬಾವಡಿಯೂ ನಗರದ ಇತರ ಬಾವಡಿಗಳೂ ಮನೆಮನೆಗೆ ನಳ ಬಂದ ಮೇಲೆ ಕಸ, ಹೂಳು ತುಂಬಿ ಕೊಳೆತವು. ಕೆಲವು ವರ್ಷಗಳ ಹಿಂದೆ ಹೂಳು ತೆಗೆದಾಗ ಮತ್ತೆ ನೀರು ಕಾಣಿಸಿತು. ಕಲ್ಲು ಗಟ್ಟಿಯಿತ್ತು, ಸೆಲೆಯೂ ಇತ್ತು. ತಪ್ಪಿದ್ದು ನೋಡಿಕೊಳ್ಳುವವರು ಮಾತ್ರ.

ಸಮಿತಿ ಹೇಗೆ ಬಂತು

1980ರ ದಶಕದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಊರೂರಿಗೆ ಕೊಳವೆಬಾವಿ, ಕೈಪಂಪು ಹಾಕಿಸಿದರು; ಜನ ಅವರನ್ನು ಪ್ರೀತಿಯಿಂದ ‘ನೀರ್ ಸಾಬ್’ ಎಂದು ಕರೆದರು. ಅಂದು ಕೈಪಂಪು ಕೆಟ್ಟರೆ ಮೆಕ್ಯಾನಿಕ್ ಬರುವವರೆಗೆ ಕಾಯಬೇಕಿತ್ತು. ಮುಂದೆ ಸಂವಿಧಾನದ 73ನೇ ತಿದ್ದುಪಡಿ ಮತ್ತು 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆಯಿಂದ ಕುಡಿಯುವ ನೀರು ಗ್ರಾಮ ಪಂಚಾಯಿತಿಯ ಹೊಣೆಗೆ ಬಂತು. 2001ರ ಕೊನೆಯಲ್ಲಿ ಮಂಜೂರಾದ, ವಿಶ್ವಬ್ಯಾಂಕ್ ನೆರವಿನ ‘ಜಲನಿರ್ಮಲ’ ಯೋಜನೆ ಉತ್ತರ ಕರ್ನಾಟಕದ 11 ಜಿಲ್ಲೆಗಳಲ್ಲಿ ನಡೆಯಿತು. ಅಂದಿನ ಬಿಜಾಪುರ ಜಿಲ್ಲೆಯೂ ಅದರಲ್ಲಿತ್ತು. ಊರಿನವರೇ ವೆಚ್ಚದ ಒಂದು ಪಾಲು ಕೊಟ್ಟು, ಸಮಿತಿ ಮಾಡಿಕೊಂಡು ಯೋಜನೆ ನಡೆಸುವ ಪದ್ಧತಿ ನಮ್ಮ ಕಡೆ ಬೇರೂರಿದ್ದು ಆಗ.

2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ್ ಮಿಷನ್, ಕರ್ನಾಟಕದಲ್ಲಿ ‘ಮನೆ ಮನೆಗೆ ಗಂಗೆ’ ಎಂಬ ಹೆಸರಿನಲ್ಲಿ ಬಂತು. 2025ರ ಕೇಂದ್ರ ಬಜೆಟ್‌ನಲ್ಲಿ ಅದನ್ನು 2028ರವರೆಗೆ ವಿಸ್ತರಿಸುವುದಾಗಿ ಹೇಳಲಾಯಿತು. ಈ ಮಿಷನ್ನಿನ ಮಾರ್ಗಸೂಚಿಯಂತೆ ಸಮಿತಿಯಲ್ಲಿ 10ರಿಂದ 15 ಜನ ಇರಬೇಕು. ಚುನಾಯಿತ ಪಂಚಾಯಿತಿ ಸದಸ್ಯರು ಹೆಚ್ಚೆಂದರೆ ಶೇ 25, ಮಹಿಳೆಯರು ಶೇ 50, ಉಳಿದ ಶೇ 25ರಲ್ಲಿ ದುರ್ಬಲ ವರ್ಗದವರು. ಊರೊಳಗಿನ ಕಾಮಗಾರಿಯ ವೆಚ್ಚದಲ್ಲಿ ಶೇ 10ರಷ್ಟನ್ನು ಊರಿನವರು ಹಣ, ಸಾಮಗ್ರಿ ಅಥವಾ ಶ್ರಮದ ರೂಪದಲ್ಲಿ ಕೊಡಬೇಕು. ಪರಿಶಿಷ್ಟ ಜಾತಿ, ಪಂಗಡದವರು ಅರ್ಧಕ್ಕಿಂತ ಹೆಚ್ಚಿರುವ ಊರುಗಳಲ್ಲಿ ಇದು ಶೇ 5.

ಮಹಿಳೆಯರಿಗೆ ಅರ್ಧ ಪಾಲು ಯಾಕೆಂದು ಕೆಲವರು ಕೇಳುತ್ತಾರೆ. ನಳದಲ್ಲಿ ನೀರು ಎಷ್ಟು ಹೊತ್ತಿಗೆ ಬಂತು, ಬಣ್ಣ ಹೇಗಿತ್ತು, ಎಷ್ಟು ಕೊಡ ತುಂಬಿತು ಎಂಬುದು ಮನೆಯಲ್ಲಿ ಮೊದಲು ಗೊತ್ತಾಗುವುದು ಅವರಿಗೇ. ಆದರೆ ಹೆಸರು ಪುಸ್ತಕದಲ್ಲಿದ್ದು, ಸಭೆಗೆ ಗಂಡ ಬಂದು ಕೂತರೆ ಆ ತಿಳಿವಳಿಕೆ ಸಮಿತಿಗೆ ದಕ್ಕುವುದಿಲ್ಲ. ಸಭೆಯ ವೇಳೆಯನ್ನು ಹೊಲದ ಕೆಲಸ, ಅಡುಗೆಯ ಹೊತ್ತು ತಪ್ಪಿಸಿ ಇಟ್ಟುಕೊಳ್ಳಿ. ಅರ್ಧ ಸಮಸ್ಯೆ ಅಲ್ಲೇ ಬಗೆಹರಿಯುತ್ತದೆ.

ಇಲ್ಲಿ ಒಂದು ಗೊಂದಲ ತೀರಿಸಿಬಿಡೋಣ. ನಮ್ಮ ಭಾಗದಲ್ಲಿ ‘ನೀರು ಬಳಕೆದಾರರ ಸಹಕಾರ ಸಂಘ’ ಎಂಬ ಇನ್ನೊಂದು ಸಂಸ್ಥೆಯೂ ಇದೆ. ಅದು ಕಾಲುವೆಯ ನೀರನ್ನು ಹೊಲಗಳಿಗೆ ಹಂಚಿಕೊಳ್ಳುವ ರೈತರ ಸಂಘ. 1965ರ ನೀರಾವರಿ ಕಾಯ್ದೆಗೆ 2000ದಲ್ಲಿ ಆದ ತಿದ್ದುಪಡಿ ಅದಕ್ಕೆ ದಾರಿ ಮಾಡಿತು; ನೋಂದಣಿ 1959ರ ಸಹಕಾರ ಸಂಘಗಳ ಕಾಯ್ದೆಯ ಅಡಿಯಲ್ಲಿ. ಅದರ ಸದಸ್ಯರಿಗೆ ಧಾರವಾಡದ ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆ, ಅಂದರೆ ವಾಲ್ಮಿ, ತರಬೇತಿ ಕೊಡುತ್ತದೆ. ನಿಮ್ಮ ಸಮಿತಿ ಹಾಗಲ್ಲ, ಅದು ಗ್ರಾಮ ಪಂಚಾಯಿತಿಯ ಒಂದು ಅಂಗ. ಅದರ ಹೊಣೆ ಕುಡಿಯುವ ನೀರು. ಊರಿನ ಕೆರೆಯಿಂದಲೇ ಎರಡಕ್ಕೂ ನೀರು ಹೋಗುತ್ತಿದ್ದರೆ ಎರಡೂ ಕಡೆಯವರು ಬೇಸಿಗೆಗೆ ಮೊದಲೇ ಕೂತು ಮಾತಾಡಿಕೊಳ್ಳುವುದು ಒಳ್ಳೆಯದು.

ನೀರಿನ ಹಿಂದೆ ನಡೆದು ನೋಡಿ

ಮೊದಲ ವಾರದಲ್ಲೇ ಒಂದು ಕೆಲಸ ಮಾಡಿ. ನೀರಗಂಟಿಯನ್ನು, ಊರಲ್ಲಿ ನಾವು ವಾಟರ್‌ಮನ್ ಎನ್ನುತ್ತೇವಲ್ಲ ಅವರನ್ನು, ಜೊತೆಗೆ ಕರೆದುಕೊಂಡು ನೀರಿನ ದಾರಿಯುದ್ದಕ್ಕೂ ನಡೆಯಿರಿ. ಬೋರಿನಿಂದ ಅಥವಾ ಹೊರಗಿನ ಪೈಪು ಊರಿಗೆ ಸೇರುವ ಜಾಗದಿಂದ ಹೊರಟು, ಪಂಪ್‌ಹೌಸ್, ಮೇಲ್ಮಟ್ಟದ ಟಾಕಿ, ಮುಖ್ಯ ಪೈಪು, ಓಣಿಯ ವಾಲ್ವ್, ಕೊನೆಯ ಮನೆಯ ನಳದವರೆಗೆ. ಪಂಚಾಯಿತಿಯಲ್ಲಿ ನಕ್ಷೆ ಇದ್ದರೆ ಕೈಯಲ್ಲಿ ಹಿಡಿದುಕೊಳ್ಳಿ, ಇಲ್ಲವಾದರೆ ಶಾಲೆಯ ಮಕ್ಕಳ ಡ್ರಾಯಿಂಗ್ ಹಾಳೆಯ ಮೇಲೆ ನೀವೇ ಬರೆಯಿರಿ. ಪ್ರತಿ ವಾಲ್ವ್‌ಗೆ ಒಂದು ಸಂಖ್ಯೆ ಕೊಟ್ಟು, ಅದು ಯಾವ ಓಣಿಗೆ ನೀರು ಬಿಡುತ್ತದೆ ಎಂದು ಗುರುತು ಹಾಕಿ. ಎಷ್ಟೋ ಊರುಗಳಲ್ಲಿ ಈ ನಕ್ಷೆ ಇರುವುದು ಒಬ್ಬ ನೀರಗಂಟಿಯ ತಲೆಯಲ್ಲಿ ಮಾತ್ರ. ಅವರು ಕಾಯಿಲೆ ಬಿದ್ದ ದಿನ ಊರಿಗೆ ನೀರಿಲ್ಲ.

ಹೀಗೆ ನಡೆಯುವಾಗ ಹೊಣೆಯ ಗಡಿಯೂ ಗೊತ್ತಾಗುತ್ತದೆ. ಬಹುಗ್ರಾಮ ಯೋಜನೆಯಲ್ಲಿ ನದಿಯಿಂದ ನೀರೆತ್ತುವ ಜಾಕ್‌ವೆಲ್, ಶುದ್ಧೀಕರಣ ಘಟಕ, ಊರಿನವರೆಗಿನ ದೊಡ್ಡ ಪೈಪು ಇವೆಲ್ಲ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆ ಹಾಗೂ ಅದರ ಗುತ್ತಿಗೆದಾರರ ಪಾಲು. ಊರೊಳಗಿನ ಟಾಕಿ, ಪೈಪು, ನಳ ಪಂಚಾಯಿತಿ ಮತ್ತು ಸಮಿತಿಯ ಪಾಲು. ನೀರು ಬಾರದ ದಿನ ಮೊದಲು ನೋಡಬೇಕಾದ್ದು ಟಾಕಿಯನ್ನು. ಟಾಕಿ ತುಂಬಿದ್ದೂ ಓಣಿಗೆ ನೀರಿಲ್ಲವೆಂದರೆ ದೋಷ ಊರೊಳಗಿದೆ. ಟಾಕಿಯೇ ಖಾಲಿಯಿದ್ದರೆ ಕರೆಂಟು, ಪಂಪು, ಬೋರು ಅಥವಾ ಹೊರಗಿನ ಪೈಪು ನೋಡಬೇಕು. ಇಷ್ಟು ನೋಡಿಕೊಂಡು ಫೋನ್ ಮಾಡಿದರೆ ಇಲಾಖೆಯವರು ‘ಅದು ಪಂಚಾಯಿತಿಯದು’, ಪಂಚಾಯಿತಿಯವರು ‘ಅದು ಇಲಾಖೆಯದು’ ಎಂದು ಜಾರಿಕೊಳ್ಳಲು ಆಗುವುದಿಲ್ಲ.

ಹೊಸ ಕಾಮಗಾರಿಯ ಹಸ್ತಾಂತರಕ್ಕೆ ಸಹಿ ಕೇಳಿದಾಗ ಅವಸರ ಬೇಡ. ಎಲ್ಲ ಮನೆಗೂ ನಳದ ನೀರು ಸಿಕ್ಕಿದೆ ಎಂದು ಒಪ್ಪಬೇಕಾದ್ದು ಗ್ರಾಮಸಭೆ. ಪೈಪಿಗಾಗಿ ಅಗೆದ ರಸ್ತೆ ಮುಚ್ಚಿದೆಯೇ, ನಕ್ಷೆ ಕೊಟ್ಟಿದ್ದಾರೆಯೇ, ಪಂಪಿನ ಗ್ಯಾರಂಟಿ ಕಾಗದ ಬಂದಿದೆಯೇ, ಊರ ಎತ್ತರದ ಕೊನೆಯ ಮನೆಗೆ ನೀರು ಏರಿದೆಯೇ, ಇಷ್ಟನ್ನು ಕಣ್ಣಾರೆ ನೋಡಿ ಆಮೇಲೆ ಸಹಿ ಮಾಡಿ.

55 ಲೀಟರಿನ ಲೆಕ್ಕ

ಒಬ್ಬರಿಗೆ ದಿನಕ್ಕೆ ಕನಿಷ್ಠ 55 ಲೀಟರ್ ಕೊಡಬೇಕು ಎಂಬುದು ಜಲಜೀವನ್ ಮಿಷನ್ನಿನ ಅಳತೆ. ನಿಮ್ಮ ಊರಿನ ಜನಸಂಖ್ಯೆ 3000 ಎಂದು ಹಿಡಿಯೋಣ. 3000 ಗುಣಿಸು 55, ಅಂದರೆ ದಿನಕ್ಕೆ 1,65,000 ಲೀಟರ್. ಪಂಪು ಗಂಟೆಗೆ 20,000 ಲೀಟರ್ ಎತ್ತುತ್ತದೆ ಎಂದಾದರೆ ಅದು ಸುಮಾರು ಎಂಟೂಕಾಲು ಗಂಟೆ ಓಡಬೇಕು. ಕರೆಂಟು ಅಷ್ಟು ಹೊತ್ತು ಇರುತ್ತದೆಯೇ? ಟಾಕಿ 1 ಲಕ್ಷ ಲೀಟರಿನದಾದರೆ ಒಮ್ಮೆ ತುಂಬಿದರೆ ಸಾಲದು. ಎರಡನೆಯ ಸಲ ತುಂಬುವ ವೇಳೆ ಯಾವುದು? ಸಭೆಯಲ್ಲಿ ಕೂಗಾಟ ಶುರುವಾಗುವ ಮೊದಲು ಈ ಅಂಕಿಗಳನ್ನು ಹಲಗೆಯ ಮೇಲೆ ಬರೆದರೆ ಮಾತು ದಾರಿಗೆ ಬರುತ್ತದೆ.

ಈಗ ಪೈಪಿನ ಸೋರಿಕೆ ಸೇರಿಸಿ. ಟಾಕಿಯಿಂದ ಬಿಟ್ಟ ನೀರಿನಲ್ಲಿ ಕಾಲು ಭಾಗ ಸೋರಿಹೋಗುತ್ತಿದ್ದರೆ, ಅದೇ 1,65,000 ಲೀಟರ್ ಮನೆ ಮುಟ್ಟಲು 2,20,000 ಲೀಟರ್ ಎತ್ತಬೇಕು. ಪಂಪು 11 ಗಂಟೆ ಓಡಬೇಕು. 10 ಅಶ್ವಶಕ್ತಿಯ ಮೋಟಾರು ಗಂಟೆಗೆ ಸುಮಾರು 7.5 ಯೂನಿಟ್ ತಿನ್ನುತ್ತದೆ. ಹೆಚ್ಚಿಗೆ ಓಡಿದ ಎರಡೂಮುಕ್ಕಾಲು ಗಂಟೆಗೆ ದಿನಕ್ಕೆ ಸುಮಾರು 20 ಯೂನಿಟ್, ತಿಂಗಳಿಗೆ 600 ಯೂನಿಟ್ ನೆಲಕ್ಕೆ ಸುರಿದಂತಾಯಿತು. ಒಡೆದ ಒಂದು ಜಾಯಿಂಟ್ ಸರಿಪಡಿಸುವ ಖರ್ಚನ್ನು ಹೆಸ್ಕಾಂ ಬಿಲ್ಲಿನ ಪಕ್ಕ ಇಟ್ಟು ನೋಡಿ.

ಮನೆಯ ನಳ ಅಳೆಯಲು ಒಂದು ಬಕೆಟ್, ಒಂದು ಗಡಿಯಾರ ಸಾಕು. 10 ಲೀಟರಿನ ಬಕೆಟ್ 2 ನಿಮಿಷಕ್ಕೆ ತುಂಬಿದರೆ ನಿಮಿಷಕ್ಕೆ 5 ಲೀಟರ್. ಐದು ಜನರ ಮನೆಗೆ ದಿನಕ್ಕೆ 275 ಲೀಟರ್ ಬೇಕು. ಅಂದರೆ ಅಲ್ಲಿ 55 ನಿಮಿಷ ನೀರು ಬಿಡಬೇಕು. ಟಾಕಿಯ ಬುಡದ ಮನೆ, ನಡುವಿನ ಮನೆ, ಕೊನೆಯ ಮನೆ, ಮೂರೂ ಕಡೆ ಅಳೆಯಿರಿ. ಮೊದಲ ಮನೆಯಲ್ಲಿ ಅರ್ಧ ನಿಮಿಷಕ್ಕೆ ತುಂಬುವ ಬಕೆಟ್ ಕೊನೆಯ ಮನೆಯಲ್ಲಿ ಐದು ನಿಮಿಷ ತೆಗೆದುಕೊಂಡರೆ ವಾಲ್ವ್‌ಗಳನ್ನು ಹೊಂದಿಸಬೇಕು. ಅಥವಾ ನಡುವೆ ಯಾರೋ ನಳಕ್ಕೆ ನೇರವಾಗಿ ಮೋಟಾರು ಹಚ್ಚಿದ್ದಾರೆ.

ಆ ಮೋಟಾರಿನಿಂದ ಬರೀ ಪಾಲು ತಪ್ಪುವುದಷ್ಟೇ ಅಲ್ಲ. ಮೋಟಾರು ಎಳೆದಾಗ ಪೈಪಿನೊಳಗೆ ಒತ್ತಡ ಇಳಿಯುತ್ತದೆ. ಎಲ್ಲಾದರೂ ಬಿರುಕಿದ್ದರೆ ಹೊರಗಿನ ಚರಂಡಿ ನೀರು ಒಳಗೆ ಬರುತ್ತದೆ. ನೀರು ಬಿಡದ ಹೊತ್ತಿನಲ್ಲೂ ಖಾಲಿ ಪೈಪಿಗೆ ಹೀಗೇ ಆಗುತ್ತದೆ. ನಳ ತಗ್ಗಿನಲ್ಲಿರಲಿ ಎಂದು ಗುಂಡಿ ತೋಡಿ, ಅದರಲ್ಲಿ ಕೊಳಚೆ ನಿಲ್ಲಲು ಬಿಟ್ಟ ಮನೆಗಳಿಗೆ ಇದನ್ನು ಬಿಡಿಸಿ ಹೇಳಿ. ದಂಡ ಹಾಕುವ ಮೊದಲು ಕಾರಣ ತಿಳಿಸಿದರೆ ಒಪ್ಪುವವರೇ ಹೆಚ್ಚು.

ಕಣ್ಣಿಗೆ ಕಾಣದ್ದನ್ನು ಪರೀಕ್ಷಿಸುವುದು

2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತ ಸುದ್ದಿ ನೆನಪಿರಬಹುದು. ನೀರು ತಿಳಿಯಾಗಿದೆ ಎಂದ ಮಾತ್ರಕ್ಕೆ ಕುಡಿಯಲು ಯೋಗ್ಯ ಎನ್ನಲಾಗದು. ಆದ್ದರಿಂದಲೇ ಮಾರ್ಗಸೂಚಿ ಪ್ರತಿ ಊರಿನಲ್ಲಿ ಐದು ಜನರಿಗೆ, ಸಾಧ್ಯವಾದಷ್ಟು ಮಹಿಳೆಯರಿಗೇ, ನೀರು ಪರೀಕ್ಷಾ ಕಿಟ್ ಬಳಸುವ ತರಬೇತಿ ಕೊಡಬೇಕೆನ್ನುತ್ತದೆ. ಆಶಾ ಕಾರ್ಯಕರ್ತೆಯರು, ಸ್ವಸಹಾಯ ಸಂಘದವರು, ಶಿಕ್ಷಕಿಯರು ಇದನ್ನು ಚೆನ್ನಾಗಿ ಮಾಡಬಲ್ಲರು.

ಕಿಟ್ಟಿನ ಕೆಲಸ ಸರಳ. ನಳಿಕೆಯಲ್ಲಿ ಗುರುತಿನವರೆಗೆ ನೀರು ತುಂಬಿ, ಹೇಳಿದಷ್ಟು ಹನಿ ದ್ರಾವಣ ಹಾಕಿ, ಹೇಳಿದಷ್ಟು ಹೊತ್ತು ಕಾದು, ಬಂದ ಬಣ್ಣವನ್ನು ಕಾರ್ಡಿನ ಬಣ್ಣಕ್ಕೆ ಹೋಲಿಸುವುದು. ಓದುವಾಗ ನೆನಪಿಡಬೇಕಾದ ಅಂಕಿಗಳು ಕೆಲವೇ. ಭಾರತೀಯ ಮಾನದಂಡದಂತೆ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ. ನೈಟ್ರೇಟ್ 45 ಮೀರಬಾರದು. ಕರಗಿದ ಲವಣಾಂಶ 500ರೊಳಗಿರಲಿ, ಗತಿಯಿಲ್ಲದಿದ್ದರೆ 2000ದವರೆಗೆ. ಪಿಎಚ್ 6.5ರಿಂದ 8.5. ಫ್ಲೋರೈಡ್ ಹೆಚ್ಚಾದರೆ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ, ವರ್ಷಗಟ್ಟಲೆ ಕುಡಿದರೆ ಕೀಲು, ಮೂಳೆಗಳ ಬಾಧೆ. ನೀರು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಅದು ಇನ್ನಷ್ಟು ಸಾಂದ್ರವಾಗುತ್ತದೆ. ರೋಗಾಣುಗಳ ಮಾತು ಬೇರೆ, ಅವು ಕುದಿಸಿದರೆ ಸಾಯುತ್ತವೆ. ಈ ವ್ಯತ್ಯಾಸ ಮನೆಮನೆಗೂ ತಿಳಿಯಬೇಕು.

ರೋಗಾಣು ಪರೀಕ್ಷೆಗೆ ಪುಟ್ಟ ಸೀಸೆ ಇರುತ್ತದೆ. ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಟ್ಟಾಗ ಕಪ್ಪಾದರೆ ನೀರಿಗೆ ಹೊಲಸು ಸೇರಿರುವ ಶಂಕೆ ಎಂದರ್ಥ. ಕಿಟ್ ಸೂಚನೆಯಷ್ಟೇ ಕೊಡುತ್ತದೆ, ಕೊನೆಯ ತೀರ್ಪು ಪ್ರಯೋಗಾಲಯದ್ದು. ಇಲಾಖೆಯ ಪ್ರಯೋಗಾಲಯಕ್ಕೆ ಪ್ರತಿ ಮೂಲದ ನೀರನ್ನು ರಾಸಾಯನಿಕ ಪರೀಕ್ಷೆಗೆ ವರ್ಷಕ್ಕೆ ಒಮ್ಮೆ, ರೋಗಾಣು ಪರೀಕ್ಷೆಗೆ ಮಳೆಗಾಲದ ಮೊದಲು ಮತ್ತು ಆಮೇಲೆ, ಹೀಗೆ ಎರಡು ಬಾರಿ ಕಳಿಸಬೇಕು.

ಬ್ಲೀಚಿಂಗ್ ಪೌಡರ್ ಹಾಕುವುದರಲ್ಲೇ ಹೆಚ್ಚು ಊರುಗಳು ಅಂದಾಜಿನ ಮೇಲೆ ನಡೆಯುತ್ತವೆ. ಲೆಕ್ಕ ಇದು: 1 ಲಕ್ಷ ಲೀಟರ್ ಟಾಕಿಗೆ ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಬೇಕೆಂದರೆ ಒಟ್ಟು 200 ಗ್ರಾಂ ಕ್ಲೋರಿನ್. ಪೌಡರಿನಲ್ಲಿ ಕ್ಲೋರಿನ್ ಶೇ 25 ಇದ್ದರೆ 800 ಗ್ರಾಂ ಪೌಡರ್. ಚೀಲ ತೆರೆದಿಟ್ಟು, ತೇವ ತಗುಲಿ, ಕ್ಲೋರಿನ್ ಶೇ 15ಕ್ಕೆ ಇಳಿದಿದ್ದರೆ ಅದೇ ಕೆಲಸಕ್ಕೆ 1 ಕಿಲೋ 330 ಗ್ರಾಂ ಬೇಕು. ಅದಕ್ಕೇ ಪೌಡರನ್ನು ಬಿಗಿಯಾಗಿ ಮುಚ್ಚಿ, ಬಿಸಿಲು ತಾಗದ ಒಣ ಜಾಗದಲ್ಲಿಡಿ. ಬಕೆಟ್ ನೀರಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನಷ್ಟೇ ಟಾಕಿಗೆ ಸುರಿದು, ಕನಿಷ್ಠ ಅರ್ಧ ಗಂಟೆ ಬಿಟ್ಟು ನೀರು ಬಿಡಿ. ಕೈಗವಸು, ಮುಖಕ್ಕೆ ಬಟ್ಟೆ ಕಡ್ಡಾಯ.

ಆಮೇಲೆ ಕೊನೆಯ ಮನೆಯ ನಳದಲ್ಲಿ ಉಳಿಕೆ ಕ್ಲೋರಿನ್ ಪರೀಕ್ಷಿಸಿ. ಅಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ಟಾಕಿಯ ಬಳಿ ಚೆನ್ನಾಗಿದ್ದು ಕೊನೆಯ ಮನೆಯಲ್ಲಿ ಸೊನ್ನೆ ಬಂದರೆ ನಡುವಿನ ಪೈಪಿನಲ್ಲಿ ಹೊಲಸು ಸೇರುತ್ತಿದೆ ಎಂಬ ಗುಮಾನಿ ಬರಬೇಕು. ಎಲ್ಲಿ ಅಗೆದು ನೋಡಬೇಕು ಎಂಬುದನ್ನೂ ಹೀಗೆ ಒಂದೊಂದು ಓಣಿ ಪರೀಕ್ಷಿಸುತ್ತ ಕಂಡುಹಿಡಿಯಬಹುದು.

ನೀರಗಂಟಿಯ ವಿದ್ಯೆ

ಸಮಿತಿಯ ನಿರ್ಣಯಗಳನ್ನು ದಿನವೂ ಜಾರಿಗೆ ತರುವವರು ನೀರಗಂಟಿ. ವಾಲ್ವ್ ತಿರುಗಿಸುವುದಷ್ಟೇ ಅವರ ಕೆಲಸವೆಂದು ತಿಳಿಯಬೇಡಿ. ಮೋಟಾರು ಎಷ್ಟು ಹೊತ್ತಿಗೆ ಶುರುವಾಯಿತು, ಎಷ್ಟಕ್ಕೆ ನಿಂತಿತು, ಎಷ್ಟು ಯೂನಿಟ್ ಓಡಿತು, ಯಾವ ಓಣಿಗೆ ಎಷ್ಟು ಹೊತ್ತು ನೀರು ಬಿಟ್ಟಿದ್ದಾಯಿತು, ಎಷ್ಟು ಪೌಡರ್ ಹಾಕಿದ್ದಾಯಿತು ಎಂಬ ದಿನವಹಿ ಪುಸ್ತಕವೂ ಅವರ ಕೈಯಲ್ಲಿದೆ. ಅದೇ ಟಾಕಿ ತುಂಬಲು ಕಳೆದ ತಿಂಗಳಿಗಿಂತ ಹೆಚ್ಚು ಹೊತ್ತು ಹಿಡಿಯುತ್ತಿದ್ದರೆ ಬೋರಿನ ನೀರು ಇಳಿಯುತ್ತಿದೆ ಅಥವಾ ಪಂಪು ಸವೆದಿದೆ. ಮೋಟಾರು ಸುಟ್ಟು ಊರು ಪರದಾಡುವ ವಾರಗಳ ಮೊದಲೇ ಪುಸ್ತಕ ಇದನ್ನು ಹೇಳುತ್ತದೆ.

ಜಲಜೀವನ್ ಮಿಷನ್‌ನಲ್ಲಿ ‘ನಲ್ ಜಲ್ ಮಿತ್ರ’ ಎಂಬ ತರಬೇತಿಯ ಏರ್ಪಾಡಿದೆ: ಊರಿನ ಯುವಕ ಯುವತಿಯರಿಗೆ ಪ್ಲಂಬಿಂಗ್, ಗಾರೆ, ಫಿಟ್ಟಿಂಗ್, ವಿದ್ಯುತ್ ಮತ್ತು ಮೋಟಾರು ರಿಪೇರಿಯನ್ನು ಒಟ್ಟಿಗೆ ಕಲಿಸುವುದು ಅದರ ಉದ್ದೇಶ. ನಿಮ್ಮೂರಿನಿಂದ ಯಾರನ್ನು ಕಳಿಸಬೇಕೆಂದು ಕೇಳಿದಾಗ ಊರಲ್ಲೇ ಉಳಿಯುವವರ ಹೆಸರು ಕೊಡಿ.

ಸುರಕ್ಷತೆಯ ಪಾಠವನ್ನು ಯಾವ ತರಬೇತಿಯಲ್ಲೂ ಬಿಡುವಂತಿಲ್ಲ. ಒದ್ದೆ ಕೈಯಲ್ಲಿ ಸ್ಟಾರ್ಟರ್ ಮುಟ್ಟಬಾರದು. ಮುಚ್ಚಿದ ಟಾಕಿ, ಸಂಪುಗಳಿಗೆ ಒಬ್ಬರೇ ಇಳಿಯಬಾರದು. ಮುಚ್ಚಳ ತೆರೆದು ಗಾಳಿ ಆಡಲು ಬಿಟ್ಟು, ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇನ್ನೊಬ್ಬರಿದ್ದಾಗ ಇಳಿಯಬೇಕು. ಟಾಕಿ ತೊಳೆದ ದಿನ ಮತ್ತು ಮುಂದೆ ತೊಳೆಯುವ ದಿನವನ್ನು ಅದರ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿ. ಊರೆಲ್ಲ ಓದಲಿ.

ಹಣದ ಮಾತು

ನೀರಿನ ಕರ ಎಂದೊಡನೆ ಸಭೆ ತಣ್ಣಗಾಗುತ್ತದೆ. ಆಗ ಲೆಕ್ಕ ಮಾತಾಡಲಿ. 600 ಮನೆಗಳ ಊರು ಎಂದಿಟ್ಟುಕೊಳ್ಳಿ. ಕರೆಂಟಿಗೆ 11,160 ರೂಪಾಯಿ, ಇಬ್ಬರು ನೀರಗಂಟಿಗಳ ಸಂಬಳಕ್ಕೆ 30,000, ರಿಪೇರಿಗೆ 6,000, ಪೌಡರ್ ಮತ್ತು ಪರೀಕ್ಷೆಗೆ 1,500. ಒಟ್ಟು ತಿಂಗಳಿಗೆ 48,660. ಮನೆಗೆ 81 ರೂಪಾಯಿ. 350 ಮನೆಯವರು ಮಾತ್ರ ಕೊಟ್ಟರೆ ಅದೇ ಭಾರ ಅವರ ಮೇಲೆ 139 ರೂಪಾಯಿ ಆಗುತ್ತದೆ. ಇವು ಕ್ರಮ ತೋರಿಸಲು ಹಿಡಿದ ಅಂಕಿಗಳು. ನಿಮ್ಮ ಊರಿನ ಬಿಲ್ಲುಗಳನ್ನು ತೆಗೆದುಕೊಂಡು ಇದೇ ಲೆಕ್ಕವನ್ನು ಮಾಡಿ. ಕೆಲವು ಖರ್ಚನ್ನು ಸರ್ಕಾರದ ಅನುದಾನ ಭರಿಸಬಹುದು. 2021–26ರ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಿಡಲಾಗಿತ್ತು. ಪಂಚಾಯಿತಿಗೆ ಯಾವ ಲೆಕ್ಕಶೀರ್ಷಿಕೆಯಲ್ಲಿ ಎಷ್ಟು ಬಂತು, ಎಲ್ಲಿ ಖರ್ಚಾಯಿತು ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನು ಕೇಳುವುದು ಸದಸ್ಯರ ಹಕ್ಕು. ಕರ ಕಟ್ಟಿದವರಿಗೆ ರಸೀದಿ, ಕಟ್ಟಿದ ಹಣದ ವಿವರ ಪಂಚಾಯಿತಿ ಗೋಡೆಯ ಮೇಲೆ. ಈ ಎರಡು ತಪ್ಪಿದರೆ ವಸೂಲಿ ನಿಲ್ಲುತ್ತದೆ.

ಸೆಲೆ ಉಳಿಸಿಕೊಳ್ಳುವುದು

ಕುಡಿಯುವ ನೀರಿನ ಮೂಲಗಳನ್ನು ಕಾಯಲೆಂದೇ 1999ರಲ್ಲಿ ಕರ್ನಾಟಕದಲ್ಲಿ ಒಂದು ಕಾಯ್ದೆಯಾಯಿತು. ಅದರಂತೆ ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಹೊಸ ಬಾವಿ, ಬೋರು ತೆಗೆಯುವಂತಿಲ್ಲ. ದ್ರಾಕ್ಷಿ ಸೀಮೆಯಲ್ಲಿ ಇದು ಸೂಕ್ಷ್ಮ ವಿಷಯ. ಬೋರ್ ಲಾರಿ ಬಂದು ನಿಂತ ಮೇಲೆ ಜಗಳಕ್ಕಿಳಿಯುವ ಬದಲು ಊರಿನ ಮೂಲಗಳ ಸುತ್ತಲಿನ 500 ಮೀಟರ್ ಎಲ್ಲಿಯವರೆಗೆ ಎಂದು ನಕ್ಷೆಯಲ್ಲಿ ತೋರಿಸಿ ಮೊದಲೇ ಡಂಗುರ ಹೊಡೆಸಿ. ತೋಟದ ವಸ್ತಿಗಳ ಪ್ರಶ್ನೆಯೂ ಇದೆ. ಊರಿನಿಂದ ದೂರ ಹೊಲದಲ್ಲೇ ಮನೆ ಮಾಡಿಕೊಂಡವರಿಗೆ ಪೈಪು ಎಳೆಯುವುದು ದುಬಾರಿ. ಅವರ ಪಟ್ಟಿಯನ್ನು, ಊರಿನ ನೀರಿನ ಕೆಲಸಗಳನ್ನು ಬರೆದಿಡುವ ಗ್ರಾಮ ಕ್ರಿಯಾ ಯೋಜನೆಯಲ್ಲಿ ಬೇರೆಯಾಗಿಯೇ ಬರೆಯಿರಿ. ಪಟ್ಟಿಯಲ್ಲಿ ಇಲ್ಲದವರು ಯೋಜನೆಯಲ್ಲೂ ಇರುವುದಿಲ್ಲ.

ತರಬೇತಿಗೆ ಹೋದಾಗ

ಸಮಿತಿಯವರಿಗೆ ತರಬೇತಿ ಹಲವು ದಾರಿಯಲ್ಲಿ ಬರುತ್ತದೆ. ಊರ ಮಟ್ಟದಲ್ಲಿ ಅನುಷ್ಠಾನ ಬೆಂಬಲ ಸಂಸ್ಥೆಯವರು ಸಭೆ ನಡೆಸಿ ಯೋಜನೆ ತಯಾರಿಸುವುದನ್ನು ಹೇಳಿಕೊಡುತ್ತಾರೆ. ಮೈಸೂರಿನಲ್ಲಿ ನಜೀರ್ ಸಾಬರ ಹೆಸರಿನಲ್ಲೇ ಇರುವ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಂಸ್ಥೆ ಉಪಗ್ರಹದ ಮೂಲಕ ತಾಲೂಕು ಪಂಚಾಯಿತಿಗಳಿಗೆ ಪಾಠ ಮುಟ್ಟಿಸುತ್ತದೆ. ಪರದೆಯ ಮುಂದೆ ಕೂತು ಕೇಳಿದ್ದು ನೆನಪಿನಲ್ಲಿ ಉಳಿಯುವುದು ಕಡಿಮೆ. ಆದ್ದರಿಂದ ತರಬೇತಿಗೆ ಹೋಗುವಾಗ ನಿಮ್ಮ ಊರಿನ ನಕ್ಷೆ, ಒಂದು ತಿಂಗಳ ದಿನವಹಿ ಪುಸ್ತಕ, ಕೊನೆಯ ಪರೀಕ್ಷೆಯ ವರದಿ ಒಯ್ಯಿರಿ. ‘ನಮ್ಮ ಮೂರನೇ ವಾಲ್ವಿನ ಆಚೆ ಕ್ಲೋರಿನ್ ಸಿಗುತ್ತಿಲ್ಲ, ಏನು ಮಾಡಬೇಕು?’ ಎಂದು ಕೇಳುವವರಿಗೆ ಸಿಗುವ ಉತ್ತರ, ಸುಮ್ಮನೆ ಕೂತವರಿಗೆ ಸಿಗುವುದಿಲ್ಲ.

ಅಮೆರಿಕದಲ್ಲಿ 1976ರಲ್ಲಿ ಹುಟ್ಟಿದ ರಾಷ್ಟ್ರೀಯ ಗ್ರಾಮೀಣ ನೀರು ಸಂಘ ಬೇರೆ ದಾರಿ ಹಿಡಿಯಿತು. ನುರಿತ ಮೇಸ್ತ್ರಿಗಳು ಊರಿಂದೂರಿಗೆ ಸುತ್ತುತ್ತ, ಅಲ್ಲಿನ ಪಂಪಿನ ಮುಂದೆಯೇ ನಿಂತು ಅಲ್ಲಿನ ಕೆಲಸಗಾರನಿಗೆ ಕಲಿಸುವ ಪದ್ಧತಿ ಅದು. ನಾವೂ ಇದನ್ನು ಸಣ್ಣದಾಗಿ ಮಾಡಬಹುದು. ಬಬಲೇಶ್ವರದ ಸುತ್ತಲಿನ ನಾಲ್ಕೈದು ಪಂಚಾಯಿತಿಗಳ ನೀರಗಂಟಿಗಳು, ತಿಕೋಟಾ ಕಡೆಯ ನಾಲ್ಕೈದು ಪಂಚಾಯಿತಿಗಳವರು ತಿಂಗಳಿಗೊಮ್ಮೆ ಒಂದೊಂದು ಊರಿನಲ್ಲಿ ಸೇರಿ, ಆ ಊರಿನ ತೊಂದರೆಯನ್ನೇ ಪಾಠ ಮಾಡಿಕೊಳ್ಳಲಿ. ಚಹಾದ ಖರ್ಚು ಬಿಟ್ಟರೆ ಇದಕ್ಕೆ ಅನುದಾನ ಬೇಕಿಲ್ಲ.

ಮೊದಲ ಮೂರು ತಿಂಗಳು

ಮೊದಲ ತಿಂಗಳು ನಡೆದು ನೋಡಿ, ನಕ್ಷೆ ಬರೆಯಿರಿ, ಬಕೆಟ್ ಇಟ್ಟು ಅಳೆಯಿರಿ. ಎರಡನೆಯ ತಿಂಗಳು ದಿನವಹಿ ಪುಸ್ತಕ ಶುರುಮಾಡಿಸಿ, ಕಿಟ್ಟಿನ ಐವರನ್ನು ಗೊತ್ತುಮಾಡಿ, ನೀರಿನ ಮಾದರಿ ಪ್ರಯೋಗಾಲಯಕ್ಕೆ ಕಳಿಸಿ. ಮೂರನೆಯ ತಿಂಗಳು ಖರ್ಚಿನ ಲೆಕ್ಕ ತೆಗೆದು ಸಭೆಯ ಮುಂದಿಡಿ. ಕರ ಏರಿಸುವ ಮಾತು ಅದಕ್ಕೂ ಮೊದಲು ಬೇಡ. ಎರಡು ಸೋರಿಕೆ ಮುಚ್ಚಿ, ಕೊನೆಯ ಓಣಿಗೆ ನೀರು ಮುಟ್ಟಿಸಿ, ಆಮೇಲೆ ಕೇಳಿ.

ಪ್ರತಿ ಕೆಲಸಕ್ಕೂ ಕನಿಷ್ಠ ಇಬ್ಬರನ್ನು ತಯಾರು ಮಾಡಿ: ವಾಲ್ವ್ ನಕ್ಷೆ ತಿಳಿದವರು ಇಬ್ಬರು, ಲೆಕ್ಕ ಬರೆಯಬಲ್ಲವರು ಇಬ್ಬರು. ಮದುವೆಯಾಗಿ ಒಬ್ಬಳು ಬೇರೆ ಊರಿಗೆ ಹೋಗುತ್ತಾಳೆ, ದುಡಿಯಲು ಒಬ್ಬ ಪುಣೆಗೋ ಗೋವಾಕ್ಕೋ ಹೋಗುತ್ತಾನೆ, ಚುನಾವಣೆ ಬಂದು ಸಮಿತಿಯೇ ಬದಲಾಗುತ್ತದೆ. ನಿಮ್ಮ ಜಾಗಕ್ಕೆ ಬರುವವರು ಪುಸ್ತಕ ತೆರೆದು ಅದೇ ದಿನ ಕೆಲಸ ಶುರುಮಾಡುವಂತಿದ್ದರೆ ನಿಮ್ಮ ಅವಧಿ ಸಾರ್ಥಕ.